ಕತ್ತು ವಾಲಿಸಿ ನೋಡುವ ಚಿನ್ನ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ರವಿವರ್ಮನ ಮುಂದೆಯೇ ನಿಂತುಬಿಡುತ್ತಾರೆ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳತ್ತ ಬರುವವರು ಕಡಿಮೆ. ಬಂದರೂ ನೆಟ್ಟಗೆ ಎದುರಿಗೆ ನಿಲ್ಲುತ್ತಾರೆ. ಅಲ್ಲೇ ಎಡವಟ್ಟು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕತ್ತು ವಾಲಿಸಿ ನೋಡಿ, ಅಷ್ಟೊತ್ತು ಮಂಕಾಗಿದ್ದ ದೇವಿಯ ಸೆರಗಿನಂಚು ಒಮ್ಮೆಲೇ ಹೊತ್ತಿಕೊಳ್ಳುತ್ತದೆ.

ಇದಕ್ಕೆ ಕಾರಣ ಚಿನ್ನದ ರೇಕಿನ ಅಡಿಯಲ್ಲಿರುವ ಗೆಸ್ಸೋ ಎಂಬ ಲೇಪ. ಸೀಸದ ಬಿಳಿ ಪುಡಿ, ಮರದ ಹಾಲಿನಿಂದ ಬರುವ ಹಳದಿ, ಅಂಟು ಇವನ್ನು ಅರೆದು, ಸಣ್ಣ ಕುಂಚದಲ್ಲಿ ಚುಕ್ಕಿ, ಗೆರೆ, ಬಳ್ಳಿಗಳನ್ನು ತುಸುವೇ ಉಬ್ಬುವಂತೆ ಬಿಡಿಸುತ್ತಿದ್ದರು. (ಸೀಸ ವಿಷ, ಈಗ ಸತುವಿನ ಬಿಳಿ ಬಳಸುವವರಿದ್ದಾರೆ.) ಒಣಗಿದ ಮೇಲೆ ಚಿನ್ನದ ರೇಕು ಅಂಟಿಸಿ, ಮೇಲೊಂದು ತೆಳು ಕಾಗದವಿಟ್ಟು ನುಣುಪುಗಲ್ಲಿನಿಂದ ಉಜ್ಜುವುದು. ರೇಕಿನ ದಪ್ಪ ಸುಮಾರು ಒಂದು ಮೈಕ್ರಾನಿನ ಹತ್ತನೇ ಒಂದು ಪಾಲು. ಬೆಳಕಿಗೆ ಹಿಡಿದರೆ ಆಚೆಬದಿ ಹಸಿರಾಗಿ ಕಾಣುವಷ್ಟು ತೆಳು. ಹೀಗಿರುವಾಗ ಅಲ್ಲಲ್ಲಿ ಬಿರುಕು ಬಿಡದೆ ಇದ್ದೀತೆ? ಅಡಿಯ ಹಳದಿ ಆ ಬಿರುಕನ್ನು ಮುಚ್ಚುತ್ತದೆ, ಮೇಲಿನ ಹೊಳಪಿಗೂ ಬಿಸುಪು ಕೊಡುತ್ತದೆ. ಉಬ್ಬಿನ ಒಂದೊಂದು ಚುಕ್ಕಿಯೂ ಬೆಳಕನ್ನು ಬೇರೆಬೇರೆ ಕಡೆಗೆ ಎಸೆಯುವುದರಿಂದಲೇ ನೋಡುವವನು ಅಲುಗಿದಂತೆ ಚಿತ್ರವೂ ಅಲುಗುತ್ತದೆ.

ತಂಜಾವೂರಿನವರ ದಾರಿ ಬೇರೆ. ದಪ್ಪ ಉಬ್ಬು, ನಡುವೆ ಹರಳು. ಬಾಗಿಲಿನಿಂದಲೇ ಕರೆಯುವ ಚಿನ್ನ ಅದು. ಅದರ ವೈಭವ ಅದಕ್ಕಿರಲಿ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸರೆಯಲ್ಲಿ ಬೆಳೆದ ನಮ್ಮ ಚಿತ್ರಗಾರರು ಕಂಬ, ಪ್ರಭಾವಳಿ, ಒಡವೆ, ಜರಿಗಳಿಗಷ್ಟೇ ಚಿನ್ನವನ್ನು ಮೀಸಲಿಟ್ಟು, ಮುಖವನ್ನು ಬಣ್ಣಕ್ಕೇ ಬಿಟ್ಟರು. ಈ ಹಿಡಿತವೇ ನನಗೆ ಹೆಚ್ಚು ರುಚಿ.

ಕೊಳ್ಳುವವರಿಗೆ ಒಂದು ಮಾತು. ಅಗ್ಗದ ರೇಕು ಎಷ್ಟೋ ಸಲ ಹಿತ್ತಾಳೆಯದು, ಅಂದರೆ ತಾಮ್ರ ಮತ್ತು ಸತು. ಹೊಸದರಲ್ಲಿ ಅಸಲಿಗಿಂತ ಜೋರಾಗಿ ಮಿಂಚುತ್ತದೆ, ಗಾಳಿ ತಾಗುತ್ತಾ ಕಂದುತ್ತದೆ. ಅಂಗಡಿಯ ಸ್ಪಾಟ್‌ಲೈಟ್ ಆರಿಸಲು ಹೇಳಿ, ಚಿತ್ರವನ್ನು ಕಿಟಕಿಯ ಹತ್ತಿರ ತಂದು ಓರೆಯಾಗಿ ಹಿಡಿಯಿರಿ. ಉಬ್ಬಿನ ಗೆರೆ ಕೂದಲಿನಷ್ಟು ಸಣ್ಣದಾಗಿ, ಕಡಿಯದೆ ಸಾಗಿದ್ದರೆ ಕೈ ಪಳಗಿದ್ದು. ಬೆಲೆ ತುಸು ಹೆಚ್ಚೆನಿಸಿದರೂ ಚೌಕಾಸಿ ಬೇಡ. ಮುಖಕ್ಕೂ ಚಿನ್ನ ಮೆತ್ತಿದ್ದರೆ, ಅದು ಅಪ್ಪಟ ರೇಕೇ ಆಗಿದ್ದರೂ, ನಾನಂತೂ ಕೊಳ್ಳಲಾರೆ.