ಪಿಂಗಾಣಿ ಹೊತ್ತ ಹೆಗಲು ಎಲ್ಲಿ?

ಪುಸ್ತಕವನ್ನಷ್ಟೇ ವಿಮರ್ಶೆ ಮಾಡಬೇಕು ಅಂತ ಯಾರು ಹೇಳಿದರು? ಮ್ಯೂಸಿಯಂ ಕೂಡ ಒಂದು ಕೃತಿಯೇ. ಯಾವುದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಯಾವುದನ್ನು ಹೊರಗೆ ಬಿಡಬೇಕು ಎಂದು ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಯಾರ ಪರ ಎಂದು ಕೇಳುವ ಹಕ್ಕು ನಮಗಿದೆ. ಕಾದಂಬರಿಗೆ ಕೇಳುವ ಪ್ರಶ್ನೆಯನ್ನೇ ನಾವು ತಮಿಳುನಾಡಿನ ತರಂಗಂಬಾಡಿ ಕೋಟೆಯೊಳಗಿನ ಸಣ್ಣ ಮ್ಯೂಸಿಯಂಗೂ ಕೇಳುತ್ತಿದ್ದೇವೆ.

ತರಂಗಂಬಾಡಿ ಬಂಗಾಳ ಕೊಲ್ಲಿಯ ದಂಡೆಯ ಚಿಕ್ಕ ಊರು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಅಪ್ಪಣೆ ಪಡೆದು ಡೆನ್ಮಾರ್ಕಿನ ಕಂಪನಿಯವರು ಇಲ್ಲಿ ಡ್ಯಾನ್ಸ್‌ಬೋರ್ಗ್ ಕೋಟೆ ಕಟ್ಟಿಸಿದರು. 'ಕಟ್ಟಿಸಿದರು' ಅನ್ನೋ ಮಾತನ್ನು ಗಮನಿಸಿ. ಇಟ್ಟಿಗೆ ಹೊತ್ತವರು, ಸುಣ್ಣ ಅರೆದವರು ಆ ಕ್ರಿಯಾಪದದೊಳಗೇ ಮುಚ್ಚಿಹೋಗುತ್ತಾರೆ. 1845ರಲ್ಲಿ ಡೇನರು ಈ ಊರನ್ನೂ ಬಂಗಾಳದ ಸೆರಾಂಪುರವನ್ನೂ ಸೇರಿಸಿ 12.5 ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿದರು. ಊರ ಜನವನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಒಳಗೆ ಏನಿದೆ? ಚೀನಾದ ಚಹದ ಜಾಡಿಗಳು, ಪಿಂಗಾಣಿ, ನಾಣ್ಯ, ಕತ್ತಿ, ಭರ್ಜಿ, ಫಿರಂಗಿ ಗುಂಡು, ಡೇನಿಶ್ ಕಾಗದಪತ್ರ. ತಿಮಿಂಗಿಲದ ಮೂಳೆಗೂ ಜಾಗ ಸಿಕ್ಕಿದೆ. ಸರಿ ಸ್ವಾಮಿ, ಈ ಜಾಡಿ ದಡಕ್ಕೆ ಬಂದದ್ದು ಹೇಗೆ? ಈ ತೀರದಲ್ಲಿ ದೊಡ್ಡ ಹಡಗು ದಡ ಮುಟ್ಟುವ ಬಂದರಿರಲಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಬೇಕು. ಮೊಳೆ ಬಡಿಯದೆ, ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದ ಮಸೂಲಾ ದೋಣಿಗಳಲ್ಲಿ ಈ ತೀರದ ಜನ ಅಲೆ ಸೀಳಿಕೊಂಡು ಹೋಗಿ ಸರಕು ತರಬೇಕು. ಅವರಿಲ್ಲದೆ ಕಂಪನಿಯೂ ಇಲ್ಲ, ಕೋಟೆಯೂ ಇಲ್ಲ. ಜಾಡಿಯನ್ನು ಬೆರಗಿನಿಂದ ನೋಡು ಅನ್ನುವ ಮ್ಯೂಸಿಯಂ, ಹೊತ್ತ ಹೆಗಲನ್ನು ನೋಡು ಅನ್ನುವುದಿಲ್ಲ.

ಕೋಟೆಯ ಕಟ್ಟಡವೇ ಒಂದು ಪಾಠ. ಮೇಲಂತಸ್ತಿನಲ್ಲಿ ಗವರ್ನರ್, ವ್ಯಾಪಾರಿಗಳು, ಪಾದ್ರಿ. ಕೆಳಗೆ ಉಗ್ರಾಣ, ಅಡುಗೆಮನೆ, ಸೆರೆಮನೆ. ಇದನ್ನು ಓದೋಕೆ ನಮಗೆ ಗೈಡು ಬೇಕಿಲ್ಲ. ಮೇಲು-ಕೆಳಗಿನ ಈ ಲೆಕ್ಕ ಹುಟ್ಟಿದಾಗಿನಿಂದ ನಮಗೆ ಗೊತ್ತು.

ತರಂಗಂಬಾಡಿಗೆ ಇನ್ನೊಂದು ಹೆಮ್ಮೆಯಿದೆ: ಅಚ್ಚುಕೂಟ. 1706ರಲ್ಲಿ ಬಂದ ಜರ್ಮನ್ ಪಾದ್ರಿ ಸೀಗನ್‌ಬಾಲ್ಗ್ ತಮಿಳು ಕಲಿತ. ಅವನೂ ಜೊತೆಗಾರರೂ 1715ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಮಾಡಿ ಮುಗಿಸಿದರು. ಅಕ್ಷರದಿಂದ ದೂರ ಇಟ್ಟಿದ್ದ ಜನರ ಕೈಗೂ ಪುಸ್ತಕ ಬಂತು. ಇದು ಸಣ್ಣ ಮಾತಲ್ಲ. ತಂಜಾವೂರಿನ ಸೈನ್ಯದಲ್ಲಿದ್ದ ರಾಜನಾಯಕನ್ ಎಂಬ ಪರೈಯರವನು ಆ ಅಚ್ಚಿನ ಪುಸ್ತಕ ಓದಿ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟನಾದ, ಊರೂರು ತಿರುಗಿ ಉಪದೇಶಿಯಾಗಿ ದುಡಿದ. ಆದರೆ 1733ರಲ್ಲಿ ಮೊದಲ ದೇಶೀ ಪಾದ್ರಿಯಾಗಿ ದೀಕ್ಷೆ ಸಿಕ್ಕಿದ್ದು ವೆಳ್ಳಾಳ ಜಾತಿಯ ಆರೋನನಿಗೆ. ರಾಜನಾಯಕನ್‌ಗೆ ದೀಕ್ಷೆ ಸಿಗಲೇ ಇಲ್ಲ. ಪರೈಯರವನ ಕೈಯಿಂದ ಪ್ರಭುವಿನ ಭೋಜನವನ್ನು ಮೇಲಿನ ಜಾತಿಯ ಕ್ರೈಸ್ತರು ಮುಟ್ಟೋದಿಲ್ಲ ಎಂಬ ಅಳುಕು ಮಿಷನರಿಗಳಿಗೆ. ಚರ್ಚಿನೊಳಗೂ ಶೂದ್ರ ಕ್ರೈಸ್ತರು ಒಂದು ಕಡೆ, ಪರೈಯರು ಇನ್ನೊಂದು ಕಡೆ ಕೂರುತ್ತಿದ್ದರು. ದೇವರು ಬದಲಾದ, ಪಂಕ್ತಿ ಬದಲಾಗಲಿಲ್ಲ. ಅಚ್ಚುಕೂಟದ ಕಥೆ ಹೇಳಿ ರಾಜನಾಯಕನ್ ಹೆಸರು ಬಿಟ್ಟರೆ ಅದು ಅರ್ಧ ಸತ್ಯ. ಅರ್ಧ ಸತ್ಯದಿಂದ ಲಾಭ ಯಾರಿಗೆ ಅಂತ ನಮಗೆ ಗೊತ್ತಿದೆ.

'ಊರಲ್ಲಿ ಕಡಲಿನ ಬಗ್ಗೆ, ಮಿಷನ್ ಬಗ್ಗೆ ಬೇರೆ ಸಂಗ್ರಹಗಳಿವೆಯಲ್ಲ, ಅಲ್ಲಿ ನೋಡಿಕೊಳ್ಳಿ' ಅನ್ನುವವರಿದ್ದಾರೆ. ಇವೆ, ನಿಜ. ಆದರೆ ಒಡೆಯರ ಚರಿತ್ರೆ ಕೋಟೆಯಲ್ಲಿ, ದುಡಿದವರದು ಹೊರಗೆ ಬೇರೆ ಮನೆಯಲ್ಲಿ ಅಂದರೆ ಏನರ್ಥ? ಊರು ಬೇರೆ, ಕೇರಿ ಬೇರೆ ಅಂದಂತೆಯೇ ಅಲ್ಲವೇ?

ಇವೆಲ್ಲ ಹಳೇ ಕಥೆ, ಈಗ್ಯಾಕೆ ಅನ್ನುವವರಿಗೆ ಒಂದು ದಿನಾಂಕ ನೆನಪಿಸುತ್ತೇವೆ: 2004ರ ಡಿಸೆಂಬರ್ 26. ಸುನಾಮಿ ಈ ಊರಿನ ಮೀನುಗಾರರ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಕೋಟೆ ಉಳಿಯಿತು. ತರಂಗಂಬಾಡಿ ಆಗ ಸೇರಿದ್ದ ನಾಗಪಟ್ಟಿಣಂ ಜಿಲ್ಲೆಯ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಬೇರೆ ಇಟ್ಟರು, ಕುಡಿಯುವ ನೀರಿಗೂ ತಡೆದರು ಎಂಬ ವರದಿಗಳು ಬಂದವು. ತಡೆದವರಲ್ಲಿ ಕೆಲವರು ತಾವೇ ಮನೆಮಠ ಕಳಕೊಂಡ ಮೀನುಗಾರರು. ನೊಂದವರೆಲ್ಲ ಒಂದೇ ಅಂತ ಸುಮ್ಮನೆ ಹೇಳಿಕೊಂಡು ತಿರುಗಿದರೆ ಸಾಲದು. ಅಲೆ ಜಾತಿ ನೋಡಲಿಲ್ಲ, ಶಿಬಿರ ನೋಡಿತು. 1733ರ ಪಂಕ್ತಿ 2004ರಲ್ಲೂ ಮುರಿದಿರಲಿಲ್ಲ. ಆ ನಡುವಿನ 271 ವರ್ಷ ಈ ಊರಿನ ಚರಿತ್ರೆಯಲ್ಲದೆ ಮತ್ತಿನ್ನೇನು?

ಕೋಟೆ ಕೆಡವಿ, ಪಿಂಗಾಣಿ ಒಡೆಯಿರಿ ಅಂತ ನಾವು ಹೇಳುತ್ತಿಲ್ಲ. ಜಾಡಿಯ ಪಕ್ಕದಲ್ಲಿ ಹೊಲಿದ ದೋಣಿಯೊಂದನ್ನು ಇಡಿ. ಗವರ್ನರರ ಹೆಸರಿನ ಜೊತೆ ರಾಜನಾಯಕನ್ ಹೆಸರನ್ನೂ, ಅವನಿಗೆ ದೀಕ್ಷೆ ಯಾಕೆ ತಪ್ಪಿತು ಅನ್ನೋದನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೂಲಿಗೆ ಹೋಗುವ ತಾಯಿ ಮಗುವಿನ ಕೈಹಿಡಿದು ಬಂದರೆ, 'ಇದು ನಮ್ಮೋರು ಮಾಡಿದ್ದು ಕಣೋ' ಅಂತ ತೋರಿಸಲು ಒಂದಾದರೂ ವಸ್ತು ಅಲ್ಲಿರಬೇಕು. ನಮ್ಮ ಜಿಲ್ಲೆಗಳ ಮ್ಯೂಸಿಯಂಗಳಿಗೂ ಹೋಗಿ ಇದನ್ನೇ ಕೇಳಬೇಕು, ಗೆಳೆಯರೇ. ಟಿಕೆಟ್ಟು ಕೊಂಡವರಿಗೆ ಕೇಳುವ ಹಕ್ಕಿದೆ. ಕಟ್ಟಿದವರಿಗೆ ಅದಕ್ಕಿಂತ ಹೆಚ್ಚಿನ ಹಕ್ಕಿದೆ.