ಬೂದಿದಿಬ್ಬವೂ ಬೋಧನಕ್ರಮವೂ

ಬಿ. ಸುಬ್ಬರಾವ್ ಅವರು 1946ರಲ್ಲಿ ಉತ್ಖನನ ನಡೆಸಿದ ಸಂಗನಕಲ್ಲಿಗೆ ವಿದ್ಯಾರ್ಥಿಗಳನ್ನು ಕರೆತಂದು ನವಶಿಲಾಯುಗದ ನೆಲೆಯನ್ನು ತೋರಿಸುವುದು ಸ್ತುತ್ಯವಾದ ಕಾರ್ಯ. ಆದರೆ ಅಲ್ಲಿ ಬೋಧಿಸುವ ಕ್ರಮ ವಿಚಾರಾರ್ಹವಾಗಿದೆ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ವಿಷಯವನ್ನೇ ನೋಡಬಹುದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮವೆಂಬುದು ಜನರ ನಂಬಿಕೆ. ಜ್ವಾಲಾಮುಖಿಯ ಬೂದಿಯೆಂದೂ ಲೋಹ ಕರಗಿಸಿದ ಕಿಟ್ಟವೆಂದೂ ಬಗೆದ ವಿದ್ವಾಂಸರಿದ್ದರು. "ಅದೆಲ್ಲ ಸುಳ್ಳು, ಇದು ಸುಟ್ಟ ಸಗಣಿ" ಎಂದಷ್ಟೇ ಹೇಳಿ ಉಪಾಧ್ಯಾಯರು ಮುಂದೆ ಸಾಗಿದರೆ, ಬಾಲಕನು ಪರೀಕ್ಷೆಯಲ್ಲಿ ಸಗಣಿಯೆಂದು ಬರೆಯುತ್ತಾನೆ. ಮನೆಗೆ ಹೋಗಿ ತಂಗಿಗೆ ಹಳೆಯ ಕಥೆಯನ್ನೇ ಹೇಳುತ್ತಾನೆ. ಎರಡೂ ಒಂದೇ ತಲೆಯಲ್ಲಿ, ಒಂದನ್ನೊಂದು ಮುಟ್ಟದೆ ಉಳಿಯುತ್ತವೆ.

ಈ ದೃಷ್ಟಿಯಿಂದ ಎಫ್. ಆರ್. ಆಲ್ಚಿನ್ ಅವರು 1963ರಲ್ಲಿ ಪ್ರಕಟಿಸಿದ 'ನಿಯೋಲಿಥಿಕ್ ಕ್ಯಾಟಲ್ ಕೀಪರ್ಸ್ ಆಫ್ ಸೌತ್ ಇಂಡಿಯಾ' ಎಂಬ ಗ್ರಂಥ ಉಪಾಧ್ಯಾಯರಿಗೆ ಉಪಯುಕ್ತವಾದುದು. ಅವರು ಹಿಂದಿನವರ ಊಹೆಗಳನ್ನು ಗೇಲಿಮಾಡದೆ ಎದುರಿಗಿಟ್ಟುಕೊಂಡು ಪರಿಶೀಲಿಸಿದ್ದಾರೆ. ಉಟ್ನೂರಿನ ಉತ್ಖನನದಲ್ಲಿ ದೊರೆತ ದನಗಳ ಗೊರಸಿನ ಗುರುತು, ದೊಡ್ಡಿಯ ಗೂಟದ ಕುಳಿಗಳು ಅವರಿಗೆ ಸಾಕ್ಷಿ. ಸಗಣಿಯೆಂಬ ಮಾತನ್ನು ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆಡಿದ್ದರು. ಗ್ರಂಥದ ಕೊರತೆಯೆಂದರೆ ಅದು ವಿದ್ವಾಂಸರಿಗಾಗಿ ಬರೆದದ್ದು. ಹಳ್ಳಿಯ ಮಗುವಿನ ಸಂದೇಹ ಅದರಲ್ಲಿ ಬರುವುದಿಲ್ಲ.

ಆ ಸಂದೇಹವಾದರೂ ಸಾಧುವಾದುದೇ. ಕುಳ್ಳು ಸುಟ್ಟರೆ ಬೂದಿಯಾಗುವುದನ್ನು ಅದು ಒಲೆಯ ಮುಂದೆ ಕಂಡಿದೆ. ವಿಭೂತಿ ಹೇಗಾಗುತ್ತದೆಂಬುದೂ ಭಕ್ತರ ಮನೆಯ ಮಗುವಿಗೆ ತಿಳಿದದ್ದೇ. ಆ ಬೂದಿ ಮೃದು. ದಿಬ್ಬದಲ್ಲಿ ದೊರೆಯುವುದೋ ಗಾಜಿನಂತೆ ಗಟ್ಟಿಯಾದ ಚೂರು. ಇದು ಸಗಣಿ ಹೇಗಾದೀತು? ಹುಲ್ಲಿನಲ್ಲಿ ಸಿಲಿಕಾ ಅಂಶವಿದೆ, ದನ ಮೇದದ್ದು ಸಗಣಿಯಲ್ಲಿ ಉಳಿಯುತ್ತದೆ, ರಾಶಿಗಟ್ಟಲೆ ಸಗಣಿ ಪ್ರಚಂಡ ಕಾವಿನಲ್ಲಿ ಉರಿದಾಗ ಅದು ಕರಗಿ ಗಾಜಾಗುತ್ತದೆ ಎಂಬುದನ್ನು ವಿವರಿಸದಿದ್ದರೆ ವಾಲಿಯೇ ಗೆಲ್ಲುತ್ತಾನೆ. (ವಾಲಿಯ ಕಥೆಯನ್ನು ಪುರಾಣಶ್ರವಣದಲ್ಲಿ ಕೇಳಲು ಅಡ್ಡಿಯೇನೂ ಇಲ್ಲ.)

ಕೆ. ಪದ್ದಯ್ಯ ಅವರು ಬೂದಿಹಾಳದಲ್ಲಿ ನಡೆಸಿದ ಉತ್ಖನನ, ದಿಬ್ಬದ ಪಕ್ಕದಲ್ಲಿ ಜನವಸತಿಯೂ ಇತ್ತೆಂದು ತೋರಿಸಿ ಆಲ್ಚಿನ್ನರ ಚಿತ್ರವನ್ನು ತಿದ್ದಿತು. ಮೇಲಿನ ತರಗತಿಗಳಲ್ಲಿ ಇದನ್ನು ಮುಚ್ಚಿಡಬಾರದು.

ಇನ್ನು ನೆನಪಿನ ಮಾತು. ಟಿಪ್ಪಣಿಯನ್ನು ಪುನಃಪುನಃ ಓದಿಸುವುದು ನಮ್ಮ ಶಾಲೆಗಳ ರೂಢಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮರುಓದಿದವರು ಮುಂದಿದ್ದರು. ವಾರದ ಬಳಿಕವಾದರೋ ಪುಸ್ತಕ ಮುಚ್ಚಿ ನೆನೆದು ಬರೆದವರೇ ಮುಂದಾದರು. ಆದುದರಿಂದ ಸಂಗನಕಲ್ಲಿನಿಂದ ಮರಳಿದ ವಾರದ ಮೇಲೆ, ಮತ್ತೆ ತಿಂಗಳ ಮೇಲೆ, ಪುಸ್ತಕವಿಲ್ಲದೆ ಮಕ್ಕಳನ್ನು ಕೇಳಬೇಕು: ಒಲೆಯ ಬೂದಿ ಏಕೆ ಗಾಜಾಗಲಿಲ್ಲ?