ಕೋಷ್ಟಕವೂ ಕ್ಷಾಮವೂ: ಏಕ್ರಾಯ್ಡ್ ಅವರ ಎರಡು ಗ್ರಂಥಗಳನ್ನು ಕುರಿತು

ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಸೇವೆ ಸಲ್ಲಿಸುವ ಉದ್ದೇಶದಿಂದ ವಿಶ್ವವಿದ್ಯಾನಿಲಯದಲ್ಲಿ ಸಮುದಾಯ ಪೋಷಣೆಯನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗೆ ಅತ್ಯವಶ್ಯವಾದ ಸಾಧನಗಳಲ್ಲಿ ಆಹಾರ ಪದಾರ್ಥಗಳ ಸತ್ವವನ್ನು ಅಂಕಿಗಳಲ್ಲಿ ತಿಳಿಸುವ ಕೋಷ್ಟಕವೂ ಒಂದು. ನಮ್ಮ ದೇಶದಲ್ಲಿ ಈ ಪರಂಪರೆಗೆ ತಳಹದಿಯನ್ನು ಹಾಕಿದ ಕೃತಿ, ಡಬ್ಲ್ಯು. ಆರ್. ಏಕ್ರಾಯ್ಡ್ ಅವರು 1937ರಲ್ಲಿ ‘ಹೆಲ್ತ್ ಬುಲೆಟಿನ್’ ಮಾಲೆಯ 23ನೆಯ ಸಂಖ್ಯೆಯಾಗಿ ಹೊರತಂದ, ಭಾರತೀಯ ಆಹಾರಗಳ ಪೋಷಕ ಮೌಲ್ಯವನ್ನು ಕುರಿತ ಕೈಪಿಡಿ. ಇದೇ ಗ್ರಂಥಕರ್ತರು 1974ರಲ್ಲಿ ‘ದಿ ಕಾಂಕ್ವೆಸ್ಟ್ ಆಫ್ ಫ್ಯಾಮಿನ್’ ಎಂಬ ಕ್ಷಾಮ ಚರಿತ್ರೆಯನ್ನೂ ಪ್ರಕಟಿಸಿದರು. ಮೊದಲನೆಯದು ವಿಜ್ಞಾನಕ್ಕೂ ಎರಡನೆಯದು ಚರಿತ್ರೆಗೂ ಸೇರಿದುದೆಂದು ಇವೆರಡನ್ನೂ ಬೇರೆ ಬೇರೆ ಕಪಾಟುಗಳಲ್ಲಿ ಇಡುವುದು ರೂಢಿ. ಈ ವಿಭಜನೆಯಿಂದ ವಿದ್ಯಾರ್ಥಿಗೆ ನಷ್ಟವಾಗುತ್ತದೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕೈಪಿಡಿಯ ಹಿನ್ನೆಲೆಯನ್ನು ನೋಡೋಣ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರ ನೇತೃತ್ವದಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭವಾದ ಚಿಕ್ಕ ಘಟಕವು ಕ್ರಮೇಣ ಪೋಷಣಾ ಸಂಶೋಧನಾಲಯವಾಗಿ ಬೆಳೆಯಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಏಕ್ರಾಯ್ಡ್ ಅವರು 1935ರಿಂದ 1945ರವರೆಗೆ ಇದರ ನಿರ್ದೇಶಕರಾಗಿದ್ದರು. ಅದಕ್ಕೆ ಮುನ್ನ ರಾಷ್ಟ್ರಸಂಘದ ಆರೋಗ್ಯ ವಿಭಾಗದಲ್ಲಿಯೂ, ಅನಂತರ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿಯೂ ದುಡಿದವರು. ಆದುದರಿಂದ ಅವರ ದೃಷ್ಟಿ ಪ್ರಯೋಗಶಾಲೆಗೆ ಮಾತ್ರ ಸೀಮಿತವಾಗಿತ್ತೆಂದು ಹೇಳಲಾಗದು.

ಕೈಪಿಡಿಯ ಗುಣ ನಿರ್ವಿವಾದವಾದುದು. ಅದು ಅನ್ಯದೇಶಗಳ ಅಂಕಿಗಳನ್ನು ಎರವಲು ತರದೆ, ನಮ್ಮ ಜನರು ಉಣ್ಣುವ ಧಾನ್ಯ, ಬೇಳೆ, ಸೊಪ್ಪು, ತರಕಾರಿಗಳನ್ನೇ ಪರೀಕ್ಷಿಸಿ ಅಳೆಯಿತು. ಮುಂದೆ 1971ರಲ್ಲಿ ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳು ಇದನ್ನು ಪರಿಷ್ಕರಿಸಿ ವಿಸ್ತರಿಸಿದರು. 2017ರಲ್ಲಿ 528 ಆಹಾರಗಳ ಹೊಸ ಕೋಷ್ಟಕವು ಹೊರಬಂದಿತು. 1971ರ ಆವೃತ್ತಿಯಂತೆ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಗಿರಣಿಯಲ್ಲಿ ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಮಾತ್ರ. ಬಡವರ ಧಾನ್ಯವೆಂದು ಎಷ್ಟೋ ಕಾಲ ಕೀಳಾಗಿ ಕಾಣಲ್ಪಟ್ಟ ರಾಗಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಬೆರಿಬೆರಿಯ ವಿಷಯದಲ್ಲಿಯೂ ಹಾಗೆಯೇ. ಭತ್ತವನ್ನು ಮೊದಲು ಬೇಯಿಸಿ ಒಣಗಿಸಿ ಕುಟ್ಟಿದರೆ ತವುಡಿನಲ್ಲಿರುವ ಬಿ-1 ಜೀವಸತ್ವವು ಕಾಳಿನೊಳಗೆ ಇಳಿದು ಉಳಿಯುತ್ತದೆ. ಹಸಿಯಾಗಿಯೇ ಗಿರಣಿಗೆ ಹಾಕಿದರೆ ಬಹುಪಾಲು ತವುಡಿನೊಡನೆ ಹೋಗಿಬಿಡುತ್ತದೆ. ಕುಚ್ಚಲಕ್ಕಿಯನ್ನು ಉಣ್ಣುವ ಪ್ರದೇಶಗಳಲ್ಲಿ ಈ ರೋಗ ವಿರಳವಾಗಿ, ಬೆಳ್ತಿಗೆ ಅಕ್ಕಿಯನ್ನೇ ನಂಬಿದ್ದ ಆಂಧ್ರ ಕರಾವಳಿಯ ಜಿಲ್ಲೆಗಳಲ್ಲಿ ಪ್ರಬಲವಾಗಿದ್ದುದಕ್ಕೆ ಕಾರಣ ಇದೇ.

ಆದರೆ ಈ ಕೊನೆಯ ನಿದರ್ಶನವೇ ಕೋಷ್ಟಕದ ಮಿತಿಯನ್ನೂ ತೋರಿಸುತ್ತದೆ. ಎರಡು ಬಗೆಯ ಅಕ್ಕಿಗಳಲ್ಲಿರುವ ಜೀವಸತ್ವದ ವ್ಯತ್ಯಾಸವನ್ನು ಕೋಷ್ಟಕವು ಹೇಳಬಲ್ಲುದು. ಒಂದು ಜಿಲ್ಲೆಯ ಜನ ಬೇಯಿಸಿ ಕುಟ್ಟುವ ವಾಡಿಕೆಯನ್ನು ಹೊಂದಿದ್ದು ಮತ್ತೊಂದು ಜಿಲ್ಲೆಯ ಜನ ಹೊಂದಿಲ್ಲದಿರುವುದು ಏಕೆ, ಒನಕೆಯ ಸ್ಥಾನಕ್ಕೆ ಗಿರಣಿ ಬಂದುದು ಯಾವಾಗ, ಅದರಿಂದ ಯಾರಿಗೆ ಲಾಭವಾಯಿತು ಎಂಬುದನ್ನು ಹೇಳಲಾರದು. 100 ಗ್ರಾಂ ಎಂಬ ಅಳತೆಯಲ್ಲಿ ಉಣ್ಣುವವನ ಹೆಸರಿಲ್ಲ, ಕೂಲಿಯಿಲ್ಲ, ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವ ಹೆಂಗಸಿಲ್ಲ. ಸಮತೋಲನ ಆಹಾರವು ಬಡ ಕುಟುಂಬದ ಕೈಗೆ ಎಟುಕುವುದಿಲ್ಲವೆಂಬ ಅರಿವು ಏಕ್ರಾಯ್ಡ್ ಅವರಿಗೆ ಇತ್ತು. ಆದರೂ ಅಂಕಿಗಳು ಎಲ್ಲರ ಬಳಕೆಗೆ ಬಂದಷ್ಟು ಸುಲಭವಾಗಿ ಆ ಎಚ್ಚರಿಕೆಯು ಬರಲಿಲ್ಲ.

ಅಂಕಿಯು ಮಾತ್ರ ಕೈಯಲ್ಲಿದ್ದು ಚರಿತ್ರೆಯು ಮರೆಯಾದಾಗ ಏನಾಗುವುದೆಂಬುದಕ್ಕೆ ನಮ್ಮ ನಾಡಿನ ಅನುಭವವೇ ಇದೆ. ಜನರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876–78ರ ಕ್ಷಾಮದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಅಲ್ಪ ಕಾಸಿಗೆ ಇಳಿಸಿದರು. ಇದಕ್ಕೆ ಹಿಂದೆ ಬಿಹಾರದ ಕ್ಷಾಮದಲ್ಲಿ ಅತಿಯಾಗಿ ವೆಚ್ಚ ಮಾಡಿದರೆಂಬ ಟೀಕೆಗೆ ಅವರೇ ಗುರಿಯಾಗಿದ್ದರು. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಅವರು ಇದನ್ನು ಶರೀರಶಾಸ್ತ್ರದ ಆಧಾರದಿಂದಲೇ ವಿರೋಧಿಸಿ, ಮಣ್ಣು ಹೊತ್ತು ದುಡಿಯುವವನಿಗೆ ಒಂದೂವರೆ ಪೌಂಡು ಧಾನ್ಯವೂ ಅದರೊಡನೆ ಬೇಳೆ ತರಕಾರಿಗಳೂ ಬೇಕೆಂದು ವಾದಿಸಿದರು. 1877ರಲ್ಲಿ ಮದರಾಸು ಸರ್ಕಾರವು ಪಡಿಯನ್ನು ಅರ್ಧದಾರಿಯವರೆಗೆ ಹೆಚ್ಚಿಸಿತು. ಈ ವಾದದಲ್ಲಿ ಎರಡು ಪಕ್ಷಗಳೂ ಆಹಾರದ ಅಳತೆಯನ್ನೇ ಮುಂದಿಟ್ಟವು. ಒಂದು ಬೊಕ್ಕಸವನ್ನು ನೋಡಿ ಅಳೆಯಿತು, ಮತ್ತೊಂದು ದೇಹವನ್ನು ನೋಡಿ ಅಳೆಯಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷಕ್ಕೂ ಮಿಗಿಲಾಗಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಈಗ ಎರಡನೆಯ ಗ್ರಂಥಕ್ಕೆ ಬರೋಣ. ಏಕ್ರಾಯ್ಡ್ ಅವರು 1943ರ ಬಂಗಾಳದ ಕ್ಷಾಮವನ್ನು ಕುರಿತು ವಿಚಾರಣೆ ನಡೆಸಿದ ವುಡ್‌ಹೆಡ್ ಆಯೋಗದ ಸದಸ್ಯರಾಗಿದ್ದರು. ಸತ್ತವರು ಸುಮಾರು 15 ಲಕ್ಷವೆಂದು ಆ ಆಯೋಗವು 1945ರಲ್ಲಿ ಅಂದಾಜು ಮಾಡಿತು. ಸುಮಾರು ಮೂವತ್ತು ವರ್ಷಗಳು ಕಳೆದ ಮೇಲೆ, ಆ ಅಂದಾಜು ಕಡಿಮೆಯಾಗಿತ್ತೆಂದೂ, ದಾರಿಯ ಬದಿಯಲ್ಲಿ ಸತ್ತವರನ್ನು ಅದು ಸಾಕಷ್ಟು ಗಣನೆಗೆ ತೆಗೆದುಕೊಂಡಿರಲಿಲ್ಲವೆಂದೂ ತಮ್ಮ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡರು. ತಾನೇ ಸಹಿ ಹಾಕಿದ ವರದಿಯ ಅಂಕಿಯನ್ನು ತಾನೇ ತಿದ್ದುವ ಈ ಪ್ರಾಮಾಣಿಕತೆಯು ಗ್ರಂಥದ ಅತ್ಯುತ್ತಮ ಅಂಶ. ಅಂಕಿಯು ಎಲ್ಲಿಂದ ಬಂದಿತು, ಯಾರು ಅದರಿಂದ ಬಿಟ್ಟುಹೋದರು ಎಂದು ಕೇಳುವ ಅಭ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ದೊರೆಯುವುದು ಕಷ್ಟ.

ಆದರೂ ಈ ಗ್ರಂಥವು ದೋಷರಹಿತವಲ್ಲ. ಶೀರ್ಷಿಕೆಯಲ್ಲಿರುವ ‘ಜಯ’ ಎಂಬ ಭಾವವು ಒಳಗೂ ವ್ಯಾಪಿಸಿದೆ. ದಕ್ಷ ಆಡಳಿತ, ಸಾರಿಗೆ, ಧಾನ್ಯ ಸಂಗ್ರಹ ಇವುಗಳಿಂದ ಕ್ಷಾಮವನ್ನು ಗೆಲ್ಲಬಹುದೆಂಬ ವಿಶ್ವಾಸವು ಅಧಿಕಾರಿಯ ವಿಶ್ವಾಸ. 1981ರಲ್ಲಿ ಅಮರ್ತ್ಯ ಸೇನ್ ಅವರು ಬಂಗಾಳದಲ್ಲಿ 1943ರ ಧಾನ್ಯದ ಲಭ್ಯತೆಯು ಕ್ಷಾಮವಿಲ್ಲದಿದ್ದ 1941ಕ್ಕಿಂತ ಕಡಿಮೆಯಿರಲಿಲ್ಲವೆಂದು ತೋರಿಸಿ, ಧಾನ್ಯವಿದ್ದರೂ ಅದನ್ನು ಪಡೆಯುವ ಶಕ್ತಿಯನ್ನು ಕೂಲಿಗಾರರೂ ಬೆಸ್ತರೂ ಕಳೆದುಕೊಂಡುದೇ ಮೂಲಕಾರಣವೆಂದು ವಾದಿಸಿದರು. ಈ ವಾದದ ಮುಂದೆ ಏಕ್ರಾಯ್ಡ್ ಅವರ ವಿವರಣೆಯು ಅಪೂರ್ಣವಾಗಿ ಕಾಣುತ್ತದೆ. ಆದರೆ ಹಸಿದವರನ್ನು ಕಣ್ಣಾರೆ ಕಂಡು, ಅವರ ದೇಹದ ಸ್ಥಿತಿಯನ್ನು ವೈದ್ಯನಾಗಿ ಅರಿತು ಬರೆದುದರಿಂದ ಬರುವ ತೂಕವು ಅರ್ಥಶಾಸ್ತ್ರಜ್ಞರ ಬರವಣಿಗೆಯಲ್ಲಿ ಇಲ್ಲ.

ಹಾಗಾದರೆ ಸಮುದಾಯ ಪೋಷಣೆಯ ವಿದ್ಯಾರ್ಥಿಯು ಮಾಡಬೇಕಾದುದೇನು? ಕೋಷ್ಟಕವನ್ನು ಬದಿಗಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕಾರ್ನಿಷ್ ಅವರ ವಾದಕ್ಕೆ ಬಲ ಬಂದುದು ಅಳತೆಯಿಂದಲೇ; ಅಳತೆಯಿಲ್ಲದ ಕರುಣೆಯು ಸರ್ಕಾರದ ಮುಂದೆ ನಿಲ್ಲುವುದಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಲ್ಲಿ ತೆರೆದಂತಹ ಅಂಗನವಾಡಿಗಳಲ್ಲಿಯೇ ನಮ್ಮ ಪದವೀಧರರು ಮುಂದೆ ಕೆಲಸ ಮಾಡುವುದು. ಮಗುವಿನ ತೂಕವನ್ನು ಬರೆದುಕೊಳ್ಳಲು ಅವರಿಗೆ ಕೋಷ್ಟಕವು ಸಾಕು. ಆ ತೂಕವು ಕಳೆದ ತಿಂಗಳಿಗಿಂತ ಇಳಿದಿದ್ದರೆ ತಾಯಿಯನ್ನು ಏನು ಕೇಳಬೇಕು, ತಾಲ್ಲೂಕು ಕಚೇರಿಯನ್ನು ಏನು ಕೇಳಬೇಕು ಎಂಬುದಕ್ಕೆ ಚರಿತ್ರೆಯು ಬೇಕು.

ಇತಿಹಾಸ ವಿಭಾಗದವರಾದ ನಾವೂ ಇಲ್ಲಿ ತಪ್ಪಿಲ್ಲದವರಲ್ಲ. ಕ್ಷಾಮಗಳನ್ನು ವೈಸರಾಯರ ಆಡಳಿತದ ಒಂದು ಉಪಶೀರ್ಷಿಕೆಯಾಗಿ ಬೋಧಿಸಿ, ಪಡಿಯ ತೂಕವನ್ನೂ ರೋಗದ ಹೆಸರನ್ನೂ ಹೇಳದೆ ಮುಂದೆ ಸಾಗುವುದು ನಮ್ಮ ಪದ್ಧತಿಯಾಗಿದೆ. ಪೋಷಣಶಾಸ್ತ್ರದ ವಿದ್ಯಾರ್ಥಿಯು ಕ್ಷಾಮ ಆಯೋಗದ ವರದಿಯನ್ನೂ, ಇತಿಹಾಸದ ವಿದ್ಯಾರ್ಥಿಯು ಆಹಾರದ ಕೋಷ್ಟಕವನ್ನೂ ಓದುವಂತಾದರೆ ಏಕ್ರಾಯ್ಡ್ ಅವರ ಎರಡು ಗ್ರಂಥಗಳು ಒಂದೇ ಕಪಾಟಿಗೆ ಬರುವುವು. ಇದಕ್ಕೆ ಹೊಸ ಹುದ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ; ಎರಡು ವಿಭಾಗಗಳ ಅಧ್ಯಾಪಕರು ವಾರಕ್ಕೊಂದು ಗಂಟೆ ಒಂದೇ ತರಗತಿಯಲ್ಲಿ ನಿಂತರೆ ಸಾಕು.